ಹಳೆಯ ಪಿಕಪ್ ಟ್ರಕ್‌ನ ಕಾರ್ಬ್ಯುರೇಟರ್ ಟ್ಯೂನಿಂಗ್: ಯಾವ ಸ್ಕ್ರೂ ಯಾವ ಕೆಲಸಕ್ಕೆ?

ಹಳೆಯ ಗಾಡಿ ನಿಂತಲ್ಲೇ ಆಫ್ ಆಗುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಇಂಥ ದೂರು ಬಂದ ಕೂಡಲೇ ಎಲ್ಲರ ಕೈ ಹೋಗುವುದು ಕಾರ್ಬ್ಯುರೇಟರ್ ಸ್ಕ್ರೂಗೆ. ಅದು ಕಣ್ಣಿಗೆ ಕಾಣುವ ಜಾಗದಲ್ಲಿದೆ, ತಿರುಗಿಸಿದರೆ ಇಂಜಿನ್ ಸದ್ದು ಬದಲಾಗುತ್ತದೆ, ಏನೋ ರಿಪೇರಿ ಮಾಡಿದ ಸಮಾಧಾನವೂ ಸಿಗುತ್ತದೆ. ಆದರೆ ತೊಂದರೆ ಇರುವುದು ಇಗ್ನಿಷನ್‌ನಲ್ಲೋ ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪಿನಲ್ಲೋ ಆಗಿದ್ದರೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ ಅಷ್ಟೇ.

ಅದಕ್ಕೇ ಇಲ್ಲಿ ಅರ್ಧ ಮಾತು ಕಾರ್ಬ್ಯುರೇಟರ್ ಮುಟ್ಟುವ ಮೊದಲು ಮಾಡಬೇಕಾದ ಕೆಲಸದ ಬಗ್ಗೆಯೇ ಇದೆ. ಹೇಳಿರುವುದು ಫೋರ್ಡ್ ಎಫ್-100, ಷೆವ್ರೊಲೆ ಸಿ-10, ಟೊಯೋಟಾ ಹೈಲಕ್ಸ್, ಡಾಟ್ಸನ್ ಥರದ ಹಳೆಯ ಪೆಟ್ರೋಲ್ ಪಿಕಪ್‌ಗಳಿಗೆ ಹೊಂದುತ್ತದೆ. ಹೋಲಿ, ರೋಚೆಸ್ಟರ್, ಕಾರ್ಟರ್, ಮೋಟರ್‌ಕ್ರಾಫ್ಟ್, ಐಸಿನ್, ಹಿಟಾಚಿ, ವೆಬರ್ ಯಾವುದೇ ಇರಲಿ, ಒಳಗಿನ ತತ್ವ ಒಂದೇ. ಅಳತೆಗಳು ಮಾತ್ರ ಬೇರೆ ಬೇರೆ. ನಾನು ಕೊಡುವ ಸಂಖ್ಯೆಗೂ ನಿಮ್ಮ ಗಾಡಿಯ ಬಾನೆಟ್ ಕೆಳಗಿನ ಸ್ಟಿಕ್ಕರ್‌ಗೂ ಹೊಂದದಿದ್ದರೆ ಸ್ಟಿಕ್ಕರ್ ಮಾತೇ ಕೇಳಿ.

ಮೊದಲು ಒಳಗೆ ಏನು ನಡೆಯುತ್ತದೆ

ಕಾರ್ಬ್ಯುರೇಟರ್ ಒಂದೇ ದಾರಿಯಲ್ಲಿ ಪೆಟ್ರೋಲ್ ಕೊಡುವುದಿಲ್ಲ. ಐಡ್ಲಿಂಗ್‌ಗೆ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ಮನೆ ಓಡುವುದಕ್ಕೆ) ಒಂದು ದಾರಿ, ಆಕ್ಸಿಲರೇಟರ್ ತಟ್ಟನೆ ಒತ್ತಿದಾಗ ಇನ್ನೊಂದು, ಸಮವಾದ ವೇಗದಲ್ಲಿ ಓಡುವಾಗ ಮೇನ್ ಜೆಟ್, ಭಾರ ಎಳೆಯುವಾಗ ಪವರ್ ವಾಲ್ವ್ ಅಥವಾ ಮೀಟರಿಂಗ್ ರಾಡ್, ತಣ್ಣಗಿರುವಾಗ ಗಾಳಿ ತಡೆದು ಪೆಟ್ರೋಲ್ ಪಾಲು ಹೆಚ್ಚಿಸುವ ಚೋಕ್. ಎಲ್ಲಕ್ಕೂ ಪೆಟ್ರೋಲ್ ಬರುವುದು ಫ್ಲೋಟ್ (ಮಟ್ಟ ಕಾಯುವ ತೇಲುಬುರುಡೆ) ಇರುವ ಬೌಲ್‌ನಿಂದ.

ಹೊರಗೆ ಕಾಣುವ ಮಿಕ್ಸ್ಚರ್ (ಗಾಳಿ-ಪೆಟ್ರೋಲ್ ಮಿಶ್ರಣದ) ಸ್ಕ್ರೂ ಆಳುವುದು ಐಡ್ಲಿಂಗ್ ಅನ್ನು ಮಾತ್ರ. ಅದರಾಚೆ ಸ್ವಲ್ಪ ದೂರದವರೆಗೆ ಅದರ ಪ್ರಭಾವ ಇರಬಹುದು, ಅಷ್ಟೇ. ಹೆದ್ದಾರಿಯಲ್ಲಿ ಮೈಲೇಜ್ ಬರಲಿ ಅಂತ ಅದನ್ನು ಬಿಗಿ ಮಾಡುವುದರಿಂದ ಲಾಭ ಇಲ್ಲ. ಅಲ್ಲಿ ಪೆಟ್ರೋಲ್ ಅಳೆದು ಕೊಡುತ್ತಿರುವುದು ಮೇನ್ ಜೆಟ್. ಯಾವ ಹೊತ್ತಿನಲ್ಲಿ ತೊಂದರೆ ಬರುತ್ತದೆ ಅಂತ ಗಮನಿಸಿದರೆ ಯಾವ ದಾರಿ ಕೆಟ್ಟಿದೆ ಅಂತ ಅರ್ಧ ಗೊತ್ತಾದ ಹಾಗೆ.

ಬೇಕಾದ ಸಾಮಾನು, ಎಚ್ಚರ

ಟ್ಯಾಕೋಮೀಟರ್, ವ್ಯಾಕ್ಯೂಮ್ ಗೇಜ್, ಟೈಮಿಂಗ್ ಲೈಟ್. ಈ ಮೂರು ಇದ್ದರೆ ಕಿವಿಯ ಮೇಲೆ ಭಾರ ಹಾಕಬೇಕಿಲ್ಲ. ಒಂದನ್ನೇ ಕೊಳ್ಳಲು ಸಾಧ್ಯ ಅಂದರೆ ವ್ಯಾಕ್ಯೂಮ್ ಗೇಜ್ ಕೊಳ್ಳಿ. ಅದರಷ್ಟು ವಿಷಯ ಹೇಳುವ ಅಗ್ಗದ ಸಾಧನ ಇನ್ನೊಂದಿಲ್ಲ. ಜೊತೆಗೆ ಸ್ಕ್ರೂಡ್ರೈವರ್, ಸ್ಪ್ಯಾನರ್, ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ, ಪೈಪಿನ ಬಾಯಿ ಮುಚ್ಚಲು ಸಣ್ಣ ಬಿರಡೆಗಳು, ಬೆಂಕಿ ಆರಿಸುವ ಸಿಲಿಂಡರ್. ಕೊನೆಯದು ಅಲಂಕಾರಕ್ಕಲ್ಲ.

ಕೆಲಸ ಬಯಲಿನಲ್ಲಿ ಮಾಡಿ. ಮುಚ್ಚಿದ ಶೆಡ್‌ನಲ್ಲಿ ಇಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಅಡ್ಡ ಕೊಡಿ. ಸಡಿಲ ತೋಳು, ಕೊರಳಿನ ಸರ ಫ್ಯಾನ್ ಹತ್ತಿರ ಬೇಡ. ಏರ್ ಫಿಲ್ಟರ್ ತೆಗೆದಿರುವಾಗ ಕಾರ್ಬ್ಯುರೇಟರ್ ಬಾಯಿಗೆ ಮುಖ ಇಟ್ಟುಕೊಂಡು ಯಾರಿಗೋ "ಸ್ಟಾರ್ಟ್ ಮಾಡಪ್ಪಾ" ಅನ್ನಬೇಡಿ. ಬ್ಯಾಕ್‌ಫೈರ್ ಆದರೆ ಬೆಂಕಿ ನೇರ ಮೇಲಕ್ಕೆ ಬರುತ್ತದೆ.

ಇಂಜಿನ್ ಸರಿ ಇದೆಯಾ?

ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತಿಳಿ ಕಂದು ಬಣ್ಣ ಒಳ್ಳೆಯದು. ಒಣ ಕಪ್ಪು ಮಸಿ ಅಂದರೆ ಪೆಟ್ರೋಲ್ ಜಾಸ್ತಿ. ಒದ್ದೆಯಾದ ಎಣ್ಣೆ ಅಂಟು ಅಂದರೆ ಅದು ಕಾರ್ಬ್ಯುರೇಟರ್ ಕಥೆಯೇ ಅಲ್ಲ, ರಿಂಗ್ ಅಥವಾ ವಾಲ್ವ್ ಸೀಲ್ ಕಡೆ ನೋಡಬೇಕು. ಪ್ಲಗ್ ಹೊರಗಿರುವಾಗಲೇ ಕಂಪ್ರೆಷನ್ ನೋಡಿಬಿಡಿ. ಅತಿ ಕಡಿಮೆ ಇರುವ ಸಿಲಿಂಡರ್, ಅತಿ ಹೆಚ್ಚು ಇರುವುದರ 75 ಶೇಕಡಕ್ಕಿಂತ ಕೆಳಗಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಸುಮ್ನೆ ಸ್ಕ್ರೂ ತಿರುಗಿಸುತ್ತಾ ಕೂರಬೇಡಿ.

ಟ್ಯಾಪೆಟ್ ಸೆಟ್ ಮಾಡುವ ಇಂಜಿನ್ ಆದರೆ ಗ್ಯಾಪ್ ನೋಡಿ. ಹೈಡ್ರಾಲಿಕ್ ಲಿಫ್ಟರ್ ಇದ್ದರೆ ಈ ಕೆಲಸ ಇಲ್ಲ. ಪಾಯಿಂಟ್ (ಸ್ಪಾರ್ಕ್‌ಗಾಗಿ ಕರೆಂಟ್ ಕಡಿಯುವ ಸಂಪರ್ಕ) ಇರುವ ಡಿಸ್ಟ್ರಿಬ್ಯೂಟರ್‌ನಲ್ಲಿ ಪಾಯಿಂಟ್ ಮೊದಲು, ಟೈಮಿಂಗ್, ಅಂದರೆ ಸ್ಪಾರ್ಕ್ ಬರುವ ಹೊತ್ತು, ಆಮೇಲೆ. ಪಾಯಿಂಟ್ ಗ್ಯಾಪ್ ಬದಲಾದರೆ ಟೈಮಿಂಗ್ ತಾನಾಗಿಯೇ ಬದಲಾಗುತ್ತದೆ, ಹಾಗಾಗಿ ಹಿಂದೆಮುಂದೆ ಮಾಡಿದರೆ ಎರಡು ಸಲ ಕೆಲಸ.

ಟೈಮಿಂಗ್ ನೋಡುವಾಗ ವ್ಯಾಕ್ಯೂಮ್ ಅಡ್ವಾನ್ಸ್ ಪೈಪ್ ಕಳಚಿ, ಕಾರ್ಬ್ಯುರೇಟರ್ ಕಡೆಯ ಬಾಯಿ ಮುಚ್ಚಿ. ಇಂಜಿನ್ ನಿಧಾನವಾಗಿ ಓಡುತ್ತಿರಲಿ. ಈ ಕಾಲದ ಬಹಳಷ್ಟು ಇಂಜಿನ್‌ಗಳಲ್ಲಿ ಟಾಪ್ ಡೆಡ್ ಸೆಂಟರ್‌ಗಿಂತ (ಪಿಸ್ಟನ್ ಪೂರ್ತಿ ಮೇಲಿರುವ ಜಾಗ) 4ರಿಂದ 12 ಡಿಗ್ರಿ ಮುಂಚೆ ಸ್ಪಾರ್ಕ್ ಬರಬೇಕು. ಟೈಮಿಂಗ್ ತಡವಾಗಿದ್ದರೆ ಇಂಜಿನ್‌ಗೆ ಐಡ್ಲಿಂಗ್‌ನಲ್ಲಿ ನಿಲ್ಲುವ ಶಕ್ತಿ ಸಾಲದು. ಆಗ ನಾವು ಐಡಲ್ ಸ್ಪೀಡ್ ಸ್ಕ್ರೂ ಒಳಗೆ ಹಾಕಿ ಥ್ರೋಟಲ್ (ಆಕ್ಸಿಲರೇಟರ್‌ಗೆ ತೆರೆಯುವ ಗಾಳಿಬಾಗಿಲು) ತೆರೆಯುತ್ತೇವೆ. ಅಲ್ಲಿಂದ ಕಾರ್ಬ್ಯುರೇಟರ್ ಹಾದಿ ತಪ್ಪುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಗಾಳಿ ಎಲ್ಲಿ ಕಳ್ಳದಾರಿ ಹಿಡಿದಿದೆ?

ಇಂಜಿನ್ ಬಿಸಿ ಮಾಡಿ. ಥ್ರೋಟಲ್ ಪ್ಲೇಟ್‌ನ ಕೆಳಗಿನ, ಅಂದರೆ ಮ್ಯಾನಿಫೋಲ್ಡ್ ಕಡೆಯ ಬಾಯಿಗೆ ವ್ಯಾಕ್ಯೂಮ್ ಗೇಜ್ ಹಾಕಿ. ಸಮುದ್ರ ಮಟ್ಟದಲ್ಲಿ ಒಳ್ಳೆಯ ಇಂಜಿನ್ 17ರಿಂದ 21 ಇಂಚು (ಪಾದರಸದ ಅಳತೆ) ತೋರಿಸುತ್ತದೆ, ಮುಳ್ಳು ಅಲುಗುವುದಿಲ್ಲ. ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಡಿಮೆಯಾಗುವುದು ಸಹಜ. ಮುಳ್ಳು ಕೆಳಗೇ ನಿಂತಿದ್ದರೆ ಗಾಳಿ ಸೋರಿಕೆ ಅಥವಾ ತಡವಾದ ಟೈಮಿಂಗ್. ಒಂದೇ ಲಯದಲ್ಲಿ ಪಟಕ್ ಅಂತ ಕೆಳಗೆ ಬಿದ್ದು ಮೇಲೇಳುತ್ತಿದ್ದರೆ ಯಾವುದೋ ಒಂದು ಸಿಲಿಂಡರ್‌ನ ವಾಲ್ವ್ ಅಥವಾ ಪ್ಲಗ್ ಮೇಲೆ ಅನುಮಾನ ಪಡಿ. ನಿಧಾನವಾಗಿ ಅತ್ತ ಇತ್ತ ತೇಲಾಡುತ್ತಿದ್ದರೆ ಮಿಕ್ಸ್ಚರ್ ಸರಿ ಇಲ್ಲ.

ಸೋರಿಕೆ ಹುಡುಕುವಾಗ ಬ್ರೇಕ್ ಬೂಸ್ಟರ್ ಪೈಪ್, ಪಿಸಿವಿ ಪೈಪ್ (ಇಂಜಿನ್ ತಳದ ಆವಿಯನ್ನು ಮತ್ತೆ ಒಳಗೆ ಎಳೆಯುವುದು), ಕಾರ್ಬ್ಯುರೇಟರ್ ಬುಡದ ಗ್ಯಾಸ್ಕೆಟ್, ಇನ್‌ಟೇಕ್ ಮ್ಯಾನಿಫೋಲ್ಡ್ ಅಂಚು, ಇವಿಷ್ಟನ್ನೂ ಬಿಡದೆ ನೋಡಿ. ಒಂದೊಂದೇ ಪೈಪ್ ಹಿಸುಕಿ. ಹಿಸುಕಿದಾಗ ಇಂಜಿನ್ ಓಟ ಗಮನಕ್ಕೆ ಬರುವಷ್ಟು ಬದಲಾದರೆ ಆ ಕಡೆ ಹುಡುಕಿ. ಪಿಸಿವಿ ಪೈಪಿನಲ್ಲಿ ಮಾತ್ರ ಸ್ವಲ್ಪ ಬದಲಾವಣೆ ಆಗಲೇಬೇಕು, ಅದಕ್ಕೆ ಮೋಸ ಹೋಗಬೇಡಿ. ಅನುಮಾನ ಇರುವ ಜಾಗಕ್ಕೆ ಕ್ಲೀನರ್ ಸ್ವಲ್ಪವೇ ಸ್ಪ್ರೇ ಮಾಡಿದಾಗಲೂ ಆರ್‌ಪಿಎಂ ಬದಲಾದರೆ ಸೋರಿಕೆ ಅಲ್ಲೇ. ಇದನ್ನು ಬಿಸಿ ಎಕ್ಸಾಸ್ಟ್ ಹತ್ತಿರ, ಕಿಡಿ ಹಾರುವ ವೈರ್ ಹತ್ತಿರ ಮಾತ್ರ ಮಾಡಲೇಬೇಡಿ.

ಹಳೆಯ ಕಾರ್ಬ್ಯುರೇಟರ್‌ನಲ್ಲಿ ಇನ್ನೊಂದು ಜಾಗ ಇದೆ, ಬಹಳ ಜನ ನೋಡುವುದೇ ಇಲ್ಲ: ಥ್ರೋಟಲ್ ಶಾಫ್ಟ್. ಲಿವರ್ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಲಟಲಟ ಆಟ ಇದ್ದರೆ ಅಲ್ಲಿಂದಲೂ ಗಾಳಿ ಒಳಗೆ ಹೋಗುತ್ತದೆ. ಈ ಸವೆತಕ್ಕೆ ರಿಪೇರಿ ಕಿಟ್‌ನಲ್ಲಿ ಮದ್ದಿಲ್ಲ, ಬುಷ್ ಹಾಕಿಸಬೇಕು.

ಫ್ಲೋಟ್ ಮತ್ತು ಪೆಟ್ರೋಲ್ ಮಟ್ಟ

ಬೌಲ್‌ನಲ್ಲಿ ಪೆಟ್ರೋಲ್ ಮಟ್ಟ ತಪ್ಪಿದ್ದರೆ ಉಳಿದ ಎಲ್ಲ ದಾರಿಗಳ ಲೆಕ್ಕವೂ ತಪ್ಪುತ್ತದೆ. ಮಟ್ಟ ಜಾಸ್ತಿಯಾದರೆ ಇಂಜಿನ್ ಆಫ್ ಮಾಡಿದ ಮೇಲೂ ಒಳಗೆ ತೊಟ್ಟಿಕ್ಕುತ್ತದೆ, ತಿರುವಿನಲ್ಲಿ ಬ್ರೇಕ್ ಹಾಕಿದಾಗ ಮುಗ್ಗರಿಸುತ್ತದೆ. ಕಡಿಮೆಯಾದರೆ ಉದ್ದನೆಯ ಏರಿನಲ್ಲಿ ಉಸಿರು ಕಟ್ಟುತ್ತದೆ.

ಹೋಲಿಯ ಬಹಳಷ್ಟು ಮಾದರಿಗಳಲ್ಲಿ ಬೌಲ್‌ನ ಪಕ್ಕ ಒಂದು ಪ್ಲಗ್ ಇರುತ್ತದೆ. ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಅದನ್ನು ಬಿಚ್ಚಿದರೆ ಪೆಟ್ರೋಲ್ ಆ ತೂತಿನ ಕೆಳಂಚಿಗೆ ಬಂದು ನಿಂತಿರಬೇಕು, ಗಾಡಿ ಅಲುಗಾಡಿಸಿದರೆ ಚೂರು ಹೊರಗೆ ಜಿನುಗಬೇಕು. ಕೆಳಗೆ ಬಟ್ಟೆ ಹಿಡಿಯಿರಿ. ಉಳಿದವುಗಳಲ್ಲಿ ಮುಚ್ಚಳ ಬಿಚ್ಚಿ, ಮ್ಯಾನ್ಯುವಲ್ ಹೇಳಿದ ಅಳತೆಗೆ ಫ್ಲೋಟ್‌ನ ನಾಲಿಗೆಯನ್ನು ಬಗ್ಗಿಸಬೇಕು. ಬಗ್ಗಿಸುವಾಗ ಫ್ಲೋಟ್ ಅನ್ನು ನೀಡಲ್ ವಾಲ್ವ್ ಮೇಲೆ ಒತ್ತಬೇಡಿ, ವಾಲ್ವ್‌ನ ತುದಿ ಹಾಳಾಗುತ್ತದೆ.

ಫ್ಲೋಟ್ ಸ್ವತಃ ಕೆಟ್ಟಿರಬಹುದು. ಹಿತ್ತಾಳೆಯದಾದರೆ ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿದೆ. ಪೆಟ್ರೋಲ್ ಪೂರ್ತಿ ಒರೆಸಿ, ಒಲೆಯಿಂದ ದೂರ, ಬಿಸಿನೀರಿನಲ್ಲಿ ಮುಳುಗಿಸಿದರೆ ತೂತು ಇರುವ ಕಡೆ ಗುಳ್ಳೆ ಏಳುತ್ತದೆ. ರೋಚೆಸ್ಟರ್ ಕ್ವಾಡ್ರಜೆಟ್‌ನಂಥವುಗಳಲ್ಲಿರುವ ಫೋಮ್ ಫ್ಲೋಟ್ ತೂತಾಗುವುದಿಲ್ಲ, ವರ್ಷಗಟ್ಟಲೆ ಪೆಟ್ರೋಲ್ ಹೀರಿ ಭಾರವಾಗುತ್ತದೆ. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಅಳತೆಯೂ ಸರಿಯಾಗಿಯೇ ಬರುತ್ತದೆ, ಆದರೂ ತೇಲುವುದಿಲ್ಲ. ಹಳೆಯ ಫೋಮ್ ಫ್ಲೋಟ್ ಬದಲಿಸಿಬಿಡುವುದೇ ಸುಲಭ.

ಪೆಟ್ರೋಲ್ ಪಂಪ್‌ನ ಒತ್ತಡವನ್ನೂ ಒಮ್ಮೆ ನೋಡಿ. ಅಮೆರಿಕನ್ ಕಾರ್ಬ್ಯುರೇಟರ್‌ಗಳಿಗೆ ಸಾಮಾನ್ಯವಾಗಿ 4ರಿಂದ 7 ಪಿಎಸ್‌ಐ ಸಾಕು, ಜಪಾನಿನವು ಮತ್ತು ವೆಬರ್ ಇನ್ನೂ ಕಡಿಮೆಯಲ್ಲಿ ಕೆಲಸ ಮಾಡುತ್ತವೆ. ಹೊಸ ಎಲೆಕ್ಟ್ರಿಕ್ ಪಂಪ್ ಹಾಕಿದ ಮೇಲೆ ಓವರ್‌ಫ್ಲೋ ಶುರುವಾದರೆ ಫ್ಲೋಟ್ ಬೈಯುವ ಮೊದಲು ಗೇಜ್ ಹಾಕಿ.

ಒಳಗೆ ಕೊಳೆ ಇದ್ದರೆ ಬಿಚ್ಚಿ ಕ್ಲೀನರ್‌ನಿಂದ ತೊಳೆದು ಗಾಳಿ ಹೊಡೆಯಿರಿ. ಜೆಟ್‌ಗೆ ತಂತಿ ಚುಚ್ಚಬೇಡಿ. ಹಿತ್ತಾಳೆ ಮೆದು, ತೂತು ದೊಡ್ಡದಾದರೆ ಅಳತೆ ಹೋಯಿತು. ಫ್ಲೋಟ್ ಒಳಗಿರುವಾಗ ಕಂಪ್ರೆಸರ್ ಗಾಳಿಯೂ ಬೇಡ.

ಐಡ್ಲಿಂಗ್ ಸೆಟ್ ಮಾಡುವುದು

ಈಗ ಸ್ಕ್ರೂ ಮುಟ್ಟಬಹುದು. ಇಂಜಿನ್ ಪೂರ್ತಿ ಬಿಸಿಯಾಗಿರಬೇಕು. ಚೋಕ್ ಪೂರ್ತಿ ತೆರೆದಿರಬೇಕು. ತಣ್ಣಗಿರುವಾಗ ಐಡ್ಲಿಂಗ್ ಏರಿಸುವ ಫಾಸ್ಟ್ ಐಡಲ್ ಕ್ಯಾಮ್‌ನಿಂದ ಸ್ಕ್ರೂ ಇಳಿದಿರಬೇಕು. ಏರ್ ಫಿಲ್ಟರ್ ಡಬ್ಬ ತೆಗೆದಿದ್ದರೆ ಅದಕ್ಕೆ ಹೋಗುವ ಮ್ಯಾನಿಫೋಲ್ಡ್ ಪೈಪ್‌ಗಳ ಬಾಯಿ ಮುಚ್ಚಿ.

1. ಇಂಜಿನ್ ಆಫ್ ಮಾಡಿ. ಮಿಕ್ಸ್ಚರ್ ಸ್ಕ್ರೂವನ್ನು ಬೆರಳ ತುದಿಯಲ್ಲಿ ಮೆಲ್ಲಗೆ ಒಳಗೆ ತಿರುಗಿಸುತ್ತಾ ಎಷ್ಟು ಸುತ್ತು ಅಂತ ಎಣಿಸಿ ಬರೆದಿಡಿ. ತಳ ಮುಟ್ಟಿದ ಕೂಡಲೇ ನಿಲ್ಲಿಸಿ. ಬಿಗಿ ಮಾಡಿದರೆ ಸ್ಕ್ರೂನ ಚೂಪು ತುದಿಯ ಸುತ್ತ ಗೆರೆ ಬೀಳುತ್ತದೆ, ಆಮೇಲೆ ಅದು ಎಂದೂ ಸರಿಯಾಗಿ ಕೇಳುವುದಿಲ್ಲ.

2. ಅಲ್ಲಿಂದ ಒಂದೂವರೆ ಸುತ್ತು ಹೊರಗೆ ಬಿಡಿ. ಎರಡು ಸ್ಕ್ರೂ ಇದ್ದರೆ ಎರಡೂ ಸಮ. ಇದು ಇಂಜಿನ್ ಸ್ಟಾರ್ಟ್ ಆಗಲಿ ಅಂತ ಇಡುವ ಜಾಗ, ಕೊನೆಯ ಸೆಟ್ಟಿಂಗ್ ಅಲ್ಲ.

3. ಸ್ಟಾರ್ಟ್ ಮಾಡಿ. ಐಡಲ್ ಸ್ಪೀಡ್ ಸ್ಕ್ರೂನಿಂದ ಸ್ಟಿಕ್ಕರ್‌ನಲ್ಲಿರುವ ಆರ್‌ಪಿಎಂಗೆ ತನ್ನಿ. ಆಟೋಮ್ಯಾಟಿಕ್ ಗೇರ್ ಇರುವ ಗಾಡಿಗೆ ಕೆಲವು ಕಂಪನಿಗಳು ಡ್ರೈವ್‌ನಲ್ಲಿ ಇಟ್ಟು ನೋಡಲು ಹೇಳುತ್ತವೆ. ಹಾಗಿದ್ದರೆ ಒಬ್ಬರು ಬ್ರೇಕ್ ಮೇಲೆ ಕಾಲಿಟ್ಟು ಸೀಟಿನಲ್ಲಿ ಕೂತಿರಲೇಬೇಕು, ನೀವು ಗಾಡಿಯ ಎದುರು ನಿಲ್ಲಬಾರದು.

4. ಒಂದು ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ಒಳಗೆ ಹಾಕಿ, ಕೆಲವು ಸೆಕೆಂಡ್ ಕಾಯಿರಿ. ಇಂಜಿನ್ ತಡವಾಗಿ ಉತ್ತರ ಕೊಡುತ್ತದೆ. ಓಟ ಕುಗ್ಗುವವರೆಗೆ ಒಳಗೆ ಹೋಗಿ, ಆಮೇಲೆ ಹೊರಗೆ ಬನ್ನಿ. ಆರ್‌ಪಿಎಂ ಏರಿ, ಸ್ವಲ್ಪ ಹೊತ್ತು ಹಾಗೇ ನಿಂತು, ಮತ್ತೆ ಇಳಿಯುತ್ತದೆ. ಅತಿ ಹೆಚ್ಚು ಆರ್‌ಪಿಎಂ, ಅತಿ ಹೆಚ್ಚು ವ್ಯಾಕ್ಯೂಮ್ ಸಿಗುವ ಜಾಗದಲ್ಲಿ ನಿಲ್ಲಿಸಿ. ಇನ್ನೊಂದು ಸ್ಕ್ರೂಗೂ ಹೀಗೇ.

5. ಈಗ ಇಂಜಿನ್ ಜೋರಾಗಿರುತ್ತದೆ. ಐಡಲ್ ಸ್ಪೀಡ್ ಸ್ಕ್ರೂ ಹೊರಗೆ ಬಿಟ್ಟು ಆರ್‌ಪಿಎಂ ಇಳಿಸಿ. ನಾಲ್ಕನೆಯದನ್ನು ಮತ್ತೆ ಮಾಡಿ. ತಿರುಗಿಸಿದರೂ ಏರಿಕೆ ಸಿಗದಿರುವವರೆಗೆ ಇದೇ ಸುತ್ತು.

6. ಕೊನೆಗೆ ಪ್ರತಿ ಸ್ಕ್ರೂವನ್ನೂ ಸ್ವಲ್ಪ ಲೀನ್ (ಪೆಟ್ರೋಲ್ ಕಡಿಮೆಯಾಗುವ) ಕಡೆಗೆ ತಿರುಗಿಸಿ, ಒಟ್ಟು 20 ಆರ್‌ಪಿಎಂ ಆಸುಪಾಸು ಬೀಳುವಷ್ಟು. ಸ್ಟಿಕ್ಕರ್‌ನಲ್ಲಿ ಬೇರೆ ಸಂಖ್ಯೆ ಇದ್ದರೆ ಅದು.

ಹೆಚ್ಚಿನವುಗಳಲ್ಲಿ ಸ್ಕ್ರೂ ಒಳಗೆ ಹೋದರೆ ಪೆಟ್ರೋಲ್ ಕಡಿಮೆ. ಕೆಲವು ಉಲ್ಟಾ. ಅನುಮಾನ ಇದ್ದರೆ ಚೋಕ್ ಪ್ಲೇಟ್ ಅನ್ನು ಕೈಯಿಂದ ಚೂರೇ ಮುಚ್ಚಿ ನೋಡಿ, ಓಟ ಸುಧಾರಿಸಿದರೆ ಇಂಜಿನ್ ಲೀನ್ ಆಗಿದೆ ಅಂತ ಅರ್ಥ. 1970ರ ದಶಕದ ಕೊನೆಯಿಂದ ಬಂದ ಅನೇಕ ಗಾಡಿಗಳಲ್ಲಿ ಹೊಗೆ ನಿಯಮದ ಕಾರಣ ಈ ಸ್ಕ್ರೂಗಳಿಗೆ ಮುಚ್ಚಳ ಬಡಿದಿರುತ್ತಾರೆ. ತೆಗೆಯುವ ಮೊದಲು ನಿಮ್ಮ ಕಡೆಯ ನಿಯಮ ತಿಳಿದುಕೊಳ್ಳಿ.

ಸ್ಕ್ರೂ ಮಾತೇ ಕೇಳದಿದ್ದರೆ

ಪೂರ್ತಿ ಒಳಗೆ ಹಾಕಿದರೂ ಇಂಜಿನ್ ಹಾಯಾಗಿ ಓಡುತ್ತಿದೆ ಅಂತಿಟ್ಟುಕೊಳ್ಳಿ. ಹಾಗಾದರೆ ಪೆಟ್ರೋಲ್ ಬೇರೆಲ್ಲಿಂದಲೋ ಬರುತ್ತಿದೆ, ಅಲ್ವಾ?

ಕಾರ್ಬ್ಯುರೇಟರ್ ಬಿಚ್ಚಿ ತಲೆಕೆಳಗು ಮಾಡಿ, ಥ್ರೋಟಲ್ ಪ್ಲೇಟ್‌ನ ಅಂಚು ನೋಡಿ. ಗೋಡೆಯಲ್ಲಿ ಮಿಕ್ಸ್ಚರ್ ಸ್ಕ್ರೂ ಆಳುವ ಒಂದು ಸಣ್ಣ ತೂತು ಇದೆ. ಅದರ ಪಕ್ಕ, ಪ್ಲೇಟ್ ಅಂಚು ಬರುವ ಜಾಗದಲ್ಲಿ, ಒಂದು ತೆಳು ಸೀಳು ಇದೆ. ಅದೇ ಟ್ರಾನ್ಸ್‌ಫರ್ ಸ್ಲಾಟ್. ಕೆಲವು ಕಾರ್ಬ್ಯುರೇಟರ್‌ಗಳಲ್ಲಿ ಸೀಳಿನ ಬದಲು ಸಾಲಾಗಿ ಎರಡು ಮೂರು ಸಣ್ಣ ತೂತು. ಆಕ್ಸಿಲರೇಟರ್ ಸ್ವಲ್ಪ ಒತ್ತಿದಾಗ ಪ್ಲೇಟ್ ಸರಿದು ಈ ಸೀಳು ಬಯಲಾಗುತ್ತದೆ, ಅಲ್ಲಿಂದ ಪೆಟ್ರೋಲ್ ಬರುತ್ತದೆ, ಮೇನ್ ಜೆಟ್ ಕೆಲಸ ಶುರು ಮಾಡುವವರೆಗೆ ಇಂಜಿನ್ ಅನ್ನು ನಡೆಸುತ್ತದೆ. ಐಡ್ಲಿಂಗ್‌ನಲ್ಲಿ ಇದರ ತುದಿ ಮಾತ್ರ ಕಾಣಬೇಕು. ಹೋಲಿಯಲ್ಲಿ ಲೆಕ್ಕ ಅಂದರೆ ಕಾಣುವ ಭಾಗ ಉದ್ದ ಅಗಲ ಎರಡೂ ಸಮ ಇರುವ ಚೌಕದಷ್ಟು, ಸುಮಾರು ಅರ್ಧ ಮಿಲಿಮೀಟರ್.

ಐಡಲ್ ಸ್ಪೀಡ್ ಸ್ಕ್ರೂ ಜಾಸ್ತಿ ಒಳಗೆ ಹೋಗಿದ್ದರೆ ಸೀಳು ಐಡ್ಲಿಂಗ್‌ನಲ್ಲೇ ಬಯಲಾಗಿರುತ್ತದೆ. ಪೆಟ್ರೋಲ್ ಅಲ್ಲಿಂದ ಬರುತ್ತಿರುವಾಗ ಮಿಕ್ಸ್ಚರ್ ಸ್ಕ್ರೂ ತಿರುಗಿಸಿ ಏನು ಬಂತು? ಮುಂದಿನ ಹೆಜ್ಜೆಗೆ ಇಟ್ಟಿದ್ದ ಪೆಟ್ರೋಲ್ ಮೊದಲೇ ಖರ್ಚಾಗಿರುವುದರಿಂದ ಗಾಡಿ ಎತ್ತುವಾಗ ಮುಗ್ಗರಿಸುತ್ತದೆ. ಆಫ್ ಮಾಡಿದ ಮೇಲೂ ಗುಡುಗುಡು ಅಂತ ಓಡುವ ಚಾಳಿಗೂ ಹೆಚ್ಚಾಗಿ ಇದೇ ಕಾರಣ. ಐಡಲ್ ಸ್ಪೀಡ್ ಸ್ಕ್ರೂ ಹಿಂದಕ್ಕೆ ಬಿಟ್ಟರೆ ಇಂಜಿನ್ ಐಡ್ಲಿಂಗ್‌ನಲ್ಲಿ ಓಡದೆ ಆಫ್ ಆಗುತ್ತದೆ ಅಂತಾದರೆ ಟೈಮಿಂಗ್, ಸೋರಿಕೆ, ಕಟ್ಟಿಕೊಂಡ ಐಡಲ್ ಜೆಟ್ ಮತ್ತೆ ನೋಡಿ. ಹೋಲಿಯಾದರೆ ಹರಿದ ಪವರ್ ವಾಲ್ವ್ ಕೂಡ ಸ್ಕ್ರೂವನ್ನು ನಿಷ್ಪ್ರಯೋಜಕ ಮಾಡುತ್ತದೆ.

ಒತ್ತಿದ ಕೂಡಲೇ ಮುಗ್ಗರಿಸಿದರೆ

ಇದು ಆಕ್ಸಿಲರೇಟರ್ ಪಂಪ್ ವಿಷಯ. ಇಂಜಿನ್ ಆಫ್ ಇರುವಾಗ ಮೇಲಿನಿಂದ ಒಳಗೆ ನೋಡುತ್ತಾ ಥ್ರೋಟಲ್ ಲಿವರ್ ಎಳೆಯಿರಿ. ಎಳೆದ ಕ್ಷಣವೇ ಪೆಟ್ರೋಲ್ ಧಾರೆಯಾಗಿ ಚಿಮ್ಮಬೇಕು. ತಡವಾದರೆ ಲಿಂಕ್‌ನಲ್ಲಿ ಆಟ ಇದೆ. ಸಣ್ಣಗೆ ಜಿನುಗಿದರೆ ಪಂಪ್‌ನ ಡಯಾಫ್ರಾಮ್ ಅಥವಾ ಕಪ್ ಹೋಗಿದೆ, ಇಲ್ಲವೇ ಒಳಗಿನ ಗುಂಡು ಅಂಟಿಕೊಂಡಿದೆ. ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಅನ್ನು ಬೇಗ ಹಾಳುಮಾಡುತ್ತದೆ, ಕಿಟ್ ಕೊಳ್ಳುವಾಗ ಅದಕ್ಕೆ ತಾಳುವುದನ್ನೇ ಕೇಳಿ.

ಧಾರೆ ಚೆನ್ನಾಗಿದ್ದೂ ಮುಗ್ಗರಿಸಿದರೆ ಲಕ್ಷಣ ನೋಡಿ. ಕಾರ್ಬ್ಯುರೇಟರ್ ಬಾಯಿಂದ ಫಟ್ ಅಂದರೆ ಪೆಟ್ರೋಲ್ ಸಾಲದು, ಕಪ್ಪು ಹೊಗೆ ಬಂದು ಮಂಕಾದರೆ ಜಾಸ್ತಿಯಾಗಿದೆ. ಪಂಪ್ ರಾಡ್ ಕೂರುವ ಲಿವರ್‌ನಲ್ಲಿ ಬಹುತೇಕ ಒಂದಕ್ಕಿಂತ ಹೆಚ್ಚು ತೂತು ಇರುತ್ತವೆ. ಒಂದು ತೂತು ಬದಲಿಸಿ ಓಡಿಸಿ ನೋಡಿ.

ಮೇನ್ ಜೆಟ್

ಗಾಡಿಗೆ ಕಂಪನಿಯಿಂದ ಬಂದ ಕಾರ್ಬ್ಯುರೇಟರೇ ಇದ್ದು, ಇಂಜಿನ್ ಬದಲಾಗದಿದ್ದರೆ ಜೆಟ್ ಮುಟ್ಟುವ ಅಗತ್ಯ ಅಪರೂಪ. ಬೇರೆ ಕಾರ್ಬ್ಯುರೇಟರ್ ಕೂರಿಸಿದ್ದರೆ, ಎತ್ತರದ ಪ್ರದೇಶದಲ್ಲೇ ಓಡಿಸುವುದಾದರೆ ಮಾತು ಬೇರೆ. ಎತ್ತರದಲ್ಲಿ ಗಾಳಿ ತೆಳು, ಅದೇ ಜೆಟ್ ಅಲ್ಲಿ ಜಾಸ್ತಿ ಪೆಟ್ರೋಲ್ ಕೊಟ್ಟಂತಾಗುತ್ತದೆ. ಹೋಲಿಯಲ್ಲಿ ಪ್ರತಿ 2000 ಅಡಿಗೆ ಒಂದು ಸೈಜ್ ಇಳಿಸುವುದು ರೂಢಿ.

ಸೀಸ ಇಲ್ಲದ ಪೆಟ್ರೋಲ್‌ನಲ್ಲಿ ಪ್ಲಗ್ ಬಣ್ಣ ಮೊದಲಿನಷ್ಟು ಸ್ಪಷ್ಟವಾಗಿ ಮಾತಾಡುವುದಿಲ್ಲ. ಎಕ್ಸಾಸ್ಟ್ ಪೈಪಿಗೆ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿಸಿದರೆ ಊಹೆ ಮುಗಿಯುತ್ತದೆ. ಒಂದು ಪಾಲು ಪೆಟ್ರೋಲ್‌ಗೆ ಎಷ್ಟು ಪಾಲು ಗಾಳಿ ಅಂತ ಅದು ತೋರಿಸುತ್ತದೆ: ಸಮ ವೇಗದಲ್ಲಿ 14ರಿಂದ 15ರ ಆಸುಪಾಸು, ಪೂರ್ತಿ ಒತ್ತಿ ಎಳೆಯುವಾಗ 12.5ರಿಂದ 13. ಭಾರ ಹೇರುವ ಪಿಕಪ್ ಅನ್ನು ಮೈಲೇಜ್ ಆಸೆಗೆ ಲೀನ್ ಮಾಡಿ ಓಡಿಸಬೇಡಿ. ಏರಿನಲ್ಲಿ ಕಟಕಟ ಸದ್ದು ಬಂತು ಅಂದರೆ ಪಿಸ್ಟನ್‌ಗೆ ಪೆಟ್ಟು ಬೀಳುತ್ತಿದೆ. ತಕ್ಷಣ ಕಾಲು ತೆಗೆಯಿರಿ. ಆಮೇಲೆ ಟೈಮಿಂಗ್ ಮುಂದಾಗಿದೆಯೋ ಪೆಟ್ರೋಲ್ ಸಾಲದೋ ನೋಡಿ.

ಜೆಟ್ ಸಂಖ್ಯೆಗಳನ್ನು ಒಂದರಿಂದ ಇನ್ನೊಂದಕ್ಕೆ ಹೋಲಿಸಬೇಡಿ. ವೆಬರ್‌ನಲ್ಲಿ 140 ಅಂದರೆ 1.40 ಮಿಲಿಮೀಟರ್ ತೂತು, ರೋಚೆಸ್ಟರ್‌ನಲ್ಲಿ 70 ಅಂದರೆ 0.070 ಇಂಚು. ಹೋಲಿಯ ಸಂಖ್ಯೆ ತೂತಿನ ಅಳತೆಯೇ ಅಲ್ಲ. ಒಂದು ಸಲಕ್ಕೆ ಜೆಟ್ ಒಂದನ್ನೇ ಬದಲಿಸಿ, ಅದೇ ರಸ್ತೆಯಲ್ಲಿ ಓಡಿಸಿ. ಜೆಟ್ ಜೊತೆ ಟೈಮಿಂಗ್ ಕೂಡ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೇ ಗೊತ್ತು.

ಚೋಕ್ ಕೊನೆಗೆ, ಮರುದಿನ ಬೆಳಿಗ್ಗೆ

ಚೋಕ್ ನೋಡಲು ಇಂಜಿನ್ ಪೂರ್ತಿ ತಣ್ಣಗಿರಬೇಕು, ಅಂದರೆ ಇಡೀ ರಾತ್ರಿ ನಿಂತಿರಬೇಕು. ಆಟೋಮ್ಯಾಟಿಕ್ ಚೋಕ್ ಆದರೆ ಆಕ್ಸಿಲರೇಟರ್ ಒಮ್ಮೆ ಒತ್ತಿ ಬಿಡಿ, ಪ್ಲೇಟ್ ಮೆಲ್ಲಗೆ ಮುಚ್ಚಿಕೊಳ್ಳಬೇಕು. ಸ್ಟಾರ್ಟ್ ಆದ ಕೂಡಲೇ ಪುಲ್-ಆಫ್ ಡಯಾಫ್ರಾಮ್ ಅದನ್ನು ಕೆಲವು ಮಿಲಿಮೀಟರ್ ತೆರೆಯಬೇಕು. ತೆರೆಯದಿದ್ದರೆ ಸ್ಟಾರ್ಟ್ ಆಗಿ, ಕಪ್ಪು ಹೊಗೆ ಬಿಟ್ಟು, ಆಫ್ ಆಗುತ್ತದೆ. ಡಯಾಫ್ರಾಮ್‌ನ ಪೈಪ್‌ಗೆ ಬಾಯಿ ಹಾಕಿ ಎಳೆದು ನೋಡಿ, ಹಿಡಿದು ನಿಲ್ಲದಿದ್ದರೆ ಹರಿದಿದೆ.

ಇಂಜಿನ್ ಬಿಸಿಯಾದಂತೆ ಪ್ಲೇಟ್ ತಾನಾಗಿಯೇ ನೆಟ್ಟಗೆ ನಿಲ್ಲಬೇಕು. ಬಹಳ ಹೊತ್ತು ಮುಚ್ಚಿಯೇ ಇದ್ದರೆ ಚೋಕ್‌ನ ಮುಚ್ಚಳವನ್ನು ಲೀನ್ ಕಡೆಗೆ ಒಂದು ಗೆರೆ ತಿರುಗಿಸಿ, ಮತ್ತೆ ತಣ್ಣಗಾದ ಮೇಲೆ ನೋಡಿ. ಎಲೆಕ್ಟ್ರಿಕ್ ಚೋಕ್‌ಗೆ ಕೀ ಹಾಕಿದಾಗ ಮಾತ್ರ ಪೂರ್ತಿ 12 ವೋಲ್ಟ್ ಬರಬೇಕು. ಆ ವೈರನ್ನು ಇಗ್ನಿಷನ್ ಕಾಯಿಲ್‌ನಿಂದ ಎಳೆಯಬೇಡಿ, ಚೋಕ್‌ಗೂ ಸಾಲದು, ಸ್ಪಾರ್ಕ್ ಕೂಡ ಬಡವಾಗುತ್ತದೆ. ಕೈಯಿಂದ ಎಳೆಯುವ ಚೋಕ್‌ನಲ್ಲಿ ನೋಡಬೇಕಾದದ್ದು ಒಂದೇ: ಗುಬುಟು ಒಳಗೆ ತಳ್ಳಿದಾಗ ಪ್ಲೇಟ್ ನಿಜಕ್ಕೂ ಪೂರ್ತಿ ತೆರೆಯುತ್ತದೆಯಾ? ಕೇಬಲ್ ಬಿಗಿಯಾಗಿ ಸ್ವಲ್ಪ ಮುಚ್ಚಿಯೇ ಉಳಿದಿದ್ದರೆ, ಇಲ್ಲಿಯವರೆಗೆ ಮಾಡಿದ ಐಡ್ಲಿಂಗ್ ಸೆಟ್ಟಿಂಗ್ ಕೂಡ ತಪ್ಪು. ಕೇಬಲ್ ಸರಿಮಾಡಿ, ಇಂಜಿನ್ ಬಿಸಿ ಮಾಡಿ, ಮಿಕ್ಸ್ಚರ್ ಸ್ಕ್ರೂನಿಂದ ಮತ್ತೆ ಶುರು ಮಾಡಬೇಕು.